ಎದೆಯ ಎಕ್ಸ್‌ರೇಯಲ್ಲಿ ಕಂಡ ನೆರಳು

ಮಗುವಿನ ಎದೆಯ ಎಕ್ಸ್‌ರೇಯಲ್ಲಿ ಬಿಳಿ ನೆರಳೊಂದು ಕಂಡರೆ ಹೆತ್ತವರ ಎದೆ ಝಲ್ಲೆನ್ನುತ್ತದೆ. ಆದರೆ ದೇಹದ ಯಾವ ಭಾಗ ಕಿರಣಗಳನ್ನು ಎಷ್ಟು ತಡೆಯಿತು ಎಂಬುದಷ್ಟೇ ಆ ಫಿಲಂನಲ್ಲಿ ಮೂಡುವುದು. ಗಾಳಿ ಕಪ್ಪು, ಮೂಳೆ ಬಿಳಿ. ಕೀವು, ನೀರು, ಗಡ್ಡೆ, ಆರೋಗ್ಯವಂತ ಮಾಂಸ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಛಾಯೆ. ಕೂಸು ಅಳುತ್ತಾ ಉಸಿರು ಬಿಟ್ಟ ಗಳಿಗೆಯಲ್ಲಿ ಚಿತ್ರ ತೆಗೆದರೂ ಸಾಕು, ಶ್ವಾಸಕೋಶ ಮಬ್ಬಾಗಿ, ಹೃದಯ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ರೋಗದ ಹೆಸರು ಹುಡುಕುವ ಮೊದಲು, ಈ ವಯಸ್ಸಿಗೆ ಇದು ಸಹಜವೇ ಎಂದು ಕೇಳಬೇಕು.

ಹಾಗೆ ಕೇಳದೆ ಹೋದದ್ದರ ಬೆಲೆಯನ್ನು ವೈದ್ಯಶಾಸ್ತ್ರ ಥೈಮಸ್ ಗ್ರಂಥಿಯ ವಿಷಯದಲ್ಲಿ ಮಕ್ಕಳಿಂದ ತೆರಿಸಿತು. ಎದೆಮೂಳೆಯ ಹಿಂದಿರುವ ಈ ಗ್ರಂಥಿ ಶಿಶುಗಳಲ್ಲಿ ದೊಡ್ಡದಾಗಿಯೇ ಇರುತ್ತದೆ, ಹರೆಯ ಕಳೆದಂತೆ ಕರಗುತ್ತದೆ. ಹಿಂದೆ ಶವಪರೀಕ್ಷೆಗೆ ಬರುತ್ತಿದ್ದ ಮಕ್ಕಳಲ್ಲಿ ಬಹಳಷ್ಟು ಮಂದಿ ದೀರ್ಘ ಕಾಯಿಲೆಯಿಂದ, ಅಪೌಷ್ಟಿಕತೆಯಿಂದ ಸತ್ತವರು. ಅಂಥ ಸ್ಥಿತಿಯಲ್ಲಿ ಥೈಮಸ್ ಕುಗ್ಗಿಹೋಗುತ್ತದೆ. ಆ ಕುಗ್ಗಿದ ಗಾತ್ರವನ್ನೇ ಸಹಜವೆಂದು ಬಗೆದದ್ದರಿಂದ, ಚೆನ್ನಾಗಿದ್ದು ಹಠಾತ್ತಾಗಿ ಸತ್ತ ಕೂಸಿನ ಗ್ರಂಥಿ ‘ಊದಿಕೊಂಡದ್ದು’ ಎನಿಸಿಕೊಂಡಿತು, ಸಾವಿನ ಆರೋಪವನ್ನೂ ಹೊತ್ತಿತು. 1907ರಿಂದ ಮುಂದೆ ಅಮೆರಿಕದಲ್ಲಿ ಅದನ್ನು ಕುಗ್ಗಿಸಲೆಂದು ಸಾವಿರಾರು ಶಿಶುಗಳಿಗೆ ವಿಕಿರಣ ಕೊಟ್ಟರು. ಥೈರಾಯ್ಡ್ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಹಲವರು ಈ ಚಿಕಿತ್ಸೆ ಪಡೆದವರೇ ಎಂದು ವೈದ್ಯರಾದ ಡಫಿ ಮತ್ತು ಫಿಟ್ಜೆರಾಲ್ಡ್ ತೋರಿಸಿಕೊಟ್ಟದ್ದು 1950ರಲ್ಲಿ. ಥೈಮಸ್ ರೋಗನಿರೋಧಕ ಶಕ್ತಿಯ ತವರೆಂದು ವಿಜ್ಞಾನಿ ಜಾಕ್ ಮಿಲ್ಲರ್ ಕಂಡುಕೊಂಡದ್ದಂತೂ 1961ರಲ್ಲಿ!

ಎಲ್ಲವನ್ನೂ ಸಹಜವೆಂದು ಬಿಟ್ಟರೆ ಲಿಂಫೋಮಾ ಎಂಬ ಕ್ಯಾನ್ಸರ್, ಕ್ಷಯದಿಂದ ಊದಿದ ದುಗ್ಧರಸ ಗ್ರಂಥಿಗಳು ತಪ್ಪಿಹೋಗುವುದಿಲ್ಲವೇ? ನ್ಯಾಯವಾದ ಆಕ್ಷೇಪ. ಆದರೆ ಮೆತ್ತಗಿನ ಥೈಮಸ್ ಶ್ವಾಸನಾಳವನ್ನು ಒತ್ತುವುದಿಲ್ಲ. ಪಕ್ಕೆಲುಬುಗಳ ಒತ್ತಿಗೆ ಅದರ ಅಂಚೇ ಅಲೆಅಲೆಯಾಗುತ್ತದೆ. ಸಂಶಯ ಉಳಿದರೆ ವಿಕಿರಣವಿಲ್ಲದ ಅಲ್ಟ್ರಾಸೌಂಡ್ ಇದೆ. ಕೆಮ್ಮು, ಜ್ವರದ ಚಿಕ್ಕ ಮಗುವಿನಲ್ಲಿ ಗಡ್ಡೆಯಂತೆ ದುಂಡಗೆ ಕಂಡದ್ದು ಎಷ್ಟೋ ಸಲ ನ್ಯುಮೋನಿಯಾ; ಆಂಟಿಬಯಾಟಿಕ್‌ಗೆ ಕರಗುತ್ತದೆ. ಕರಗದಿದ್ದರೆ, ಅಥವಾ ಶ್ವಾಸನಾಳ ಪಕ್ಕಕ್ಕೆ ಸರಿದಿದ್ದರೆ, ಸಿ.ಟಿ. ಸ್ಕ್ಯಾನಿಗೆ ಹಿಂಜರಿಯಬಾರದು. ಇದರ ಇನ್ನೊಂದು ಮಗ್ಗುಲೂ ಇದೆ: ಉಸಿರುನಾಳಕ್ಕೆ ಇಳಿದ ಕಡಲೆಕಾಯಿ ಬೀಜ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಗಾಳಿ ಸಿಕ್ಕಿಕೊಂಡು ಒಂದು ಶ್ವಾಸಕೋಶ ಹೆಚ್ಚು ಕಪ್ಪಾಗಿರಬಹುದು, ಫಿಲಂ ಪೂರ್ತಿ ಸರಿಯಾಗಿಯೇ ಇರಬಹುದು. ಆದ್ದರಿಂದ ತಿನ್ನುತ್ತಲೋ ಆಡುತ್ತಲೋ ಇದ್ದ ಮಗು ಒಮ್ಮೆಲೇ ಕೆಮ್ಮಿ ಉಸಿರುಗಟ್ಟಿದ್ದರೆ, ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ. ಹಳೆಯ ಫಿಲಂಗಳಿದ್ದರೆ ಅವನ್ನೂ ಜೊತೆಗೆ ಒಯ್ಯಿರಿ.