ಗುಮ್ಮಟದ ಮೇಲೆ ಮೂರು ಸಾವಿರ ಆನೆ

ಕೇಜಿಗೆ ಅರ್ಧ ಪೈ!

1854ರಲ್ಲಿ ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ಹರಾಜಿಗಿಟ್ಟಾಗ ಸವಾಲು ನಿಂತದ್ದು 150 ರೂಪಾಯಿಗೆ. ತೋಪಿನ ತೂಕ 55 ಟನ್. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಇದ್ದ ಕಾಲ. ಭಾಗಿಸಿದರೆ ಕೇಜಿಗೆ ಬೀಳುವುದು ಅರ್ಧ ಪೈ. ಒಂದು ರೂಪಾಯಿ ಎಸೆದರೆ 366 ಕೇಜಿ ತೋಪು! ಪುಣ್ಯಕ್ಕೆ ಹರಾಜು ರದ್ದಾಯಿತು. ಆಗದಿದ್ದರೂ ಕೊಂಡವನು ಅದನ್ನು ಮನೆಗೆ ಒಯ್ಯುತ್ತಿದ್ದದ್ದು ಹೇಗೆ ಎಂಬುದು ಬೇರೆ ಮಾತು.

55 ಟನ್ ಎಂದರೆ ಎಷ್ಟು? ಮೈಸೂರು ದಸರೆಯ ಅಂಬಾರಿಯ ತೂಕ 750 ಕೇಜಿ. ಈ ಒಂದು ತೋಪಿಗೆ 73 ಅಂಬಾರಿ ಸಮ. ದಸರೆಗೆ ಒಂದು ಅಂಬಾರಿಯಂತೆ ಹೊರುತ್ತ ಹೋದರೆ ಒಂದು ತೋಪಿನ ಭಾರ ಮುಗಿಯಲು 73 ವರ್ಷ. ಅಷ್ಟರಲ್ಲಿ ಆನೆಗೂ ಮುಪ್ಪು, ಮಾವುತನ ಮೊಮ್ಮಗನಿಗೂ ಮುಪ್ಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಇದನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದರು. ಎಳೆದದ್ದು 10 ಆನೆ, 400 ಎತ್ತು, ಜೊತೆಗೆ ನೂರಾರು ಆಳು ಎನ್ನುತ್ತಾರೆ. 400 ಎತ್ತು ಎಂದರೆ 200 ಜೋಡಿ. ಜೋಡಿಯ ಹಿಂದೆ ಜೋಡಿ ಕಟ್ಟಿ, ಜೋಡಿಗೆ ಹತ್ತೇ ಅಡಿ ಹಿಡಿದರೂ ಸಾಲು ಎರಡು ಸಾವಿರ ಅಡಿ. ಮುಂದಿನ ಎತ್ತಿಗೆ "ಹೋ" ಎಂದದ್ದು ಹಿಂದಿನ ಎತ್ತಿಗೆ ಕೇಳಿಸಿತ್ತೋ ಇಲ್ಲವೋ!

ಹತ್ತಿರ ಹೋಗಿ ಬಾಯಿ ನೋಡಿ. ತೆರೆದ ಸಿಂಹದ ದವಡೆ, ಹಲ್ಲುಗಳ ನಡುವೆ ನಲುಗುತ್ತಿರುವ ಪುಟ್ಟ ಆನೆ. ಒಳಗಿನ ಕೊಳವೆಯ ಅಡ್ಡಳತೆ ಎರಡು ಅಡಿ ನಾಲ್ಕು ಇಂಚು. ನಮ್ಮ ಬಚ್ಚಲುಮನೆಯ ಎರಡೂವರೆ ಅಡಿ ಬಾಗಿಲಿಗಿಂತ ಎರಡೇ ಇಂಚು ಕಡಿಮೆ. ಬಿಸಿಲಲ್ಲಿ ನಿಂತ ಆ ಲೋಹದ ಮೈಯನ್ನು ಬೆರಳ ಗಣ್ಣಿನಿಂದ ತಟ್ಟಿದರೆ ಗುಡಿಯ ಗಂಟೆಯಂತೆ ಗುಂಯ್ ಎನ್ನುತ್ತದೆ.

2011ರ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ ಮೂರೂಕಾಲು ಲಕ್ಷ. ಬೆಂಗಳೂರಿನ ಮುಂದೆ ಇದೊಂದು ಬಡಾವಣೆ. ಆದರೆ ಕೋಟೆಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರ್, ಬುರುಜುಗಳು 96. ಅಂದರೆ ನೂರು ಮೀಟರ್ ಓಟಕ್ಕೊಂದು ಬುರುಜು! ಉಸೇನ್ ಬೋಲ್ಟ್ ತನ್ನ ದಾಖಲೆಯ 9.58 ಸೆಕೆಂಡಿನ ಓಟವನ್ನೇ ಎಲ್ಲೂ ಉಸಿರು ಬಿಡದೆ ಮುಂದುವರಿಸಿದರೂ ಒಂದು ಸುತ್ತಿಗೆ ಕಾಲು ಗಂಟೆ ದಾಟುತ್ತದೆ. ಟಾಂಗಾದ ಕುದುರೆಯನ್ನು ಕೇಳಲೇಬೇಡಿ. ಊರೊಳಗಿನ ಉಪ್ಲಿ ಬುರುಜು 80 ಅಡಿ ಎತ್ತರ, ಎಂಟು ಮಹಡಿ ಮನೆಯಷ್ಟು. ಅದರ ನೆತ್ತಿಯ ಮೇಲೆ 30 ಅಡಿ 8 ಇಂಚು ಉದ್ದದ ತೋಪೊಂದು ಮಲಗಿದೆ. ಎಂಟನೇ ಮಹಡಿಯ ತಾರಸಿಗೆ ಯಾರೋ ಸಿಟಿ ಬಸ್ಸು ಹತ್ತಿಸಿಟ್ಟು ಮರೆತುಹೋದ ಹಾಗೆ.

ಇಷ್ಟೆಲ್ಲ ಆದಮೇಲೆ ಗೋಳಗುಮ್ಮಟ.

ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿ 1656ರ ಹೊತ್ತಿನದು. ಒಳಗಿನ ನೆಲ 18,000 ಚದರ ಅಡಿಗೂ ಮಿಕ್ಕಿದ್ದು. ಮೂವತ್ತು-ನಲವತ್ತರ ಸೈಟುಗಳ ಲೆಕ್ಕದಲ್ಲಿ ಹೇಳುವುದಾದರೆ 15 ಸೈಟು, ನಡುವೆ ಒಂದೇ ಒಂದು ಕಂಬ ಇಲ್ಲ! ರೋಮಿನ ಪ್ಯಾಂಥಿಯನ್ನಿನ ದುಂಡು ನೆಲವನ್ನು ತಂದು ಇಲ್ಲಿ ಹಾಸಿದರೂ ಇನ್ನೆರಡು ಸೈಟು ಮಿಗುತ್ತವೆ. ಇಷ್ಟು ಜಾಗ ಒಬ್ಬ ಸುಲ್ತಾನ ಮತ್ತು ಅವನ ಮನೆಯ ಕೆಲವರಿಗೆ. ಅದೂ ಮೇಲಿರುವುದು ತೋರಿಕೆಯ ಗೋರಿಗಳು. ನಿಜವಾದವು ಕೆಳಗೆ ನೆಲಮಾಳಿಗೆಯಲ್ಲಿವೆ.

ಮೂಲೆಯ ಮಿನಾರದೊಳಗೆ ಮೆಟ್ಟಿಲೇರಿ, ಏದುಸಿರು ಬಿಡುತ್ತ ಪಿಸುಗುಟ್ಟುವ ಮೊಗಸಾಲೆಗೆ ಬನ್ನಿ. ಗುಮ್ಮಟದ ಒಳ ಅಡ್ಡಳತೆ 124 ಅಡಿ, ಹೆಚ್ಚುಕಡಿಮೆ ಎರಡು ಕ್ರಿಕೆಟ್ ಪಿಚ್. ಆ ತುದಿಯಲ್ಲಿ ಗೈಡು ಕಾಗದದ ಚೂರೊಂದನ್ನು ಪರ್‍ರನೆ ಹರಿಯುತ್ತಾನೆ. ಹರಿದದ್ದು ನಮ್ಮ ಕಿವಿಯಲ್ಲೇ. ಕೂಗಿದರಂತೂ ಏಳು ಬಾರಿಯಾದರೂ ಮರುದನಿ. ಪ್ರವಾಸ ಬಂದ ಶಾಲೆಯ 50 ಮಕ್ಕಳು ತಲಾ ಒಂದೇ ಸಲ ಕಿರುಚಿದರೂ 350 ಕಿರುಚು ಹೆಚ್ಚಿಗೆ ಸಿಗುತ್ತದೆ. ಮಕ್ಕಳು ಒಂದೇ ಸಲ ಕಿರುಚಿ ಸುಮ್ಮನಾದದ್ದನ್ನು ನಾನು ಇದುವರೆಗೆ ನೋಡಿಲ್ಲ.

ಈಗ ತಲೆ ಎತ್ತಿ ನೋಡಿ. ಹೊರ ಅಡ್ಡಳತೆ 44 ಮೀಟರ್, ದಪ್ಪ ಸುಮಾರು 3 ಮೀಟರ್. ಇದು ಎಷ್ಟು ತೂಗೀತು? ತಕ್ಕಡಿ ಎಲ್ಲಿಂದ ತರೋಣ, ನನ್ನದು ಕೈಲೆಕ್ಕ: ಅರ್ಧ ಚೆಂಡು ಎಂದುಕೊಂಡರೆ ಇಟ್ಟಿಗೆ-ಗಾರೆ ಎಂಟು ಸಾವಿರ ಘನಮೀಟರ್ ಹತ್ತಿರ, ಘನಮೀಟರಿಗೆ ಎರಡು ಟನ್ ಹಿಡಿದರೆ 16,000 ಟನ್. ಹದಿನಾರು ಟನ್ನಿನ ಟಿಪ್ಪರು ಸಾವಿರ ಲೋಡು ಹೊಡೆಯಬೇಕು. ಮಲಿಕ್-ಎ-ಮೈದಾನ್ ತೋಪುಗಳಾದರೆ 290. ಐದು ಟನ್ನಿನ ಸಲಗಗಳಾದರೆ 3,200! ಕರ್ನಾಟಕದ ಕಾಡುಗಳಲ್ಲಿರುವ ಆನೆಗಳು 2023ರ ಗಣತಿಯಂತೆ 6,395. ನಾಗರಹೊಳೆ, ಬಂಡೀಪುರ ಎಲ್ಲ ಸೇರಿಸಿ ಇಡೀ ರಾಜ್ಯದ ಆನೆಗಳಲ್ಲಿ ಅರ್ಧದಷ್ಟು ಬಂದು ನಿಮ್ಮ ತಲೆಯ ಮೇಲೆ ಸದ್ದಿಲ್ಲದೆ ನಿಂತಿವೆ, ಅದೂ ಮೂರೂವರೆ ಶತಮಾನದಿಂದ. ಕೆಳಗೆ ಎಂಟು ಕಮಾನು ಒಂದಕ್ಕೊಂದು ತೋಳು ಹೆಣೆದು ಹೊತ್ತಿವೆ. ನಾವು ಕೆಳಗೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದೇವೆ.

ಇದು ಸಾಲದು ಎನ್ನಿಸಿದ್ದು ಒಬ್ಬನಿಗೆ: ಮಗ, ಎರಡನೇ ಅಲಿ ಆದಿಲ್ ಶಾಹ. ಅಪ್ಪನದನ್ನು ಮೀರಿಸುವಂಥದ್ದೇ ಬೇಕೆಂದು ಹೊರಟವನು 1672ರಲ್ಲಿ ತೀರಿಕೊಂಡ. ಕಟ್ಟಡ ಅರ್ಧಕ್ಕೆ ನಿಂತಿತು. ಸೂರಿಲ್ಲ, ಗುಮ್ಮಟವಿಲ್ಲ, ಎತ್ತರದ ಜಗಲಿಯ ಮೇಲೆ ಕಪ್ಪು ಕಲ್ಲಿನ ಕಮಾನುಗಳಷ್ಟೇ. ಬಾರಾ ಕಮಾನ್ ಎಂದು ಹೆಸರು, ಬಾರಾ ಅಂದರೆ ಹನ್ನೆರಡು. ಲೆಕ್ಕದ ಹುಚ್ಚಿನಲ್ಲಿ ಅದನ್ನೂ ಎಣಿಸಲು ನಿಂತೆ. ಮೂರು ಸಲ ಎಣಿಸಿದೆ. ಒಂದು ಸಲವೂ ಹನ್ನೆರಡಕ್ಕೆ ನಿಲ್ಲಲಿಲ್ಲ.