ಮದ್ದಿನ ಅಳತೆ

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ರೋಗಿಯ ನಾಲಗೆಗೆ ತೇಯ್ದು ಹಾಕುವುದೂ ಮದ್ದು. ಕೋವಿಯ ಹೊಟ್ಟೆಗೆ ತುಂಬುವುದೂ ಮದ್ದು. ಒಂದು ಪ್ರಾಣವನ್ನು ಉಳಿಸತಕ್ಕದ್ದು, ಇನ್ನೊಂದು ತೆಗೆಯತಕ್ಕದ್ದು. ಆದರೂ ಎರಡಕ್ಕೂ ಒಂದೇ ಹೆಸರು ಹೇಗೆ ಸಲ್ಲುತ್ತದೆಂದು ತರಗತಿಯಲ್ಲಿ ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದಾರೆ. ಬಹುಕಾಲ ನನ್ನಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ. ಕೆಲವು ವರ್ಷಗಳ ಹಿಂದಿನ ಬೇಸಗೆ ರಜೆಯಲ್ಲಿ, ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿ, ಒಂದು ಮನೆಯ ಕಾರುಕೊಟ್ಟಿಗೆಯಲ್ಲಿ ಕುಳಿತಿದ್ದಾಗ ಅದಕ್ಕೊಂದು ಸಮಾಧಾನ ದೊರೆಯಿತು. ಎರಡು ಮದ್ದುಗಳಿಗೂ ಪ್ರಾಣವಾದದ್ದು ಅಳತೆ. ಅಳತೆ ತಪ್ಪಿದರೆ ಎರಡೂ ಕೊಡುವವನನ್ನೇ ಕಾಡುತ್ತವೆ.

ಆ ಮನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಕನ್ನಡವನ್ನು ಪ್ರೀತಿಯಿಂದ ಓದಿ, ಹೊಟ್ಟೆಪಾಡಿಗಾಗಿ ಎಂಜಿನಿಯರನಾಗಿ, ಆ ದೇಶದಲ್ಲಿ ನೆಲೆಸಿದವನು. ವಾರಕ್ಕೊಮ್ಮೆ ಗುರಿಯಾಟದ ಮೈದಾನಕ್ಕೆ ಹೋಗಿ ರಿವಾಲ್ವರಿನಿಂದ ಕಾಗದದ ಗುರಿಗೆ ಹೊಡೆಯುವುದು ಅವನ ಹವ್ಯಾಸ. ಹೊಡೆದು ಬರಿದಾದ ಹಿತ್ತಾಳೆಯ ಚಿಪ್ಪುಗಳನ್ನು ಬಿಸಾಡದೆ ಮನೆಗೆ ತಂದು, ಅವನ್ನೇ ಮತ್ತೆ ತುಂಬಿ ಹೊಸ ತೋಟಾಗಳನ್ನಾಗಿ ಮಾಡುವುದು ಹವ್ಯಾಸದ ಉತ್ತರಾರ್ಧ. ಅಲ್ಲಿ ಸ್ವಂತ ಬಳಕೆಗೆ ಹೀಗೆ ತುಂಬಿಕೊಳ್ಳಲು ಕೇಂದ್ರ ಸರಕಾರದ ಪರವಾನಿಗೆ ಬೇಕಿಲ್ಲ. ಮಾರಾಟಕ್ಕೆ ಮಾಡುವವನಿಗೆ ಬೇಕು. ನಮ್ಮಲ್ಲಿಯಾದರೋ 1959ರ ಆಯುಧ ಕಾಯಿದೆ ತೋಟಾ ತಯಾರಿಕೆಯನ್ನೇ ಪರವಾನಿಗೆಗೆ ಒಳಪಡಿಸಿದೆ. ಆದ್ದರಿಂದ ಇಲ್ಲಿಯ ಓದುಗರು ಇದನ್ನು ಮಾಡಿ ನೋಡತಕ್ಕ ಕೆಲಸವೆಂದು ಭಾವಿಸಬಾರದು. ಹೊರಗೆ ನೆಲೆಸಿದ ಕನ್ನಡಿಗರಲ್ಲಿ ಈ ಹವ್ಯಾಸಕ್ಕೆ ಹೊಸದಾಗಿ ಕೈಹಾಕುವವರು ಇರಬಹುದು. ಅವರಿಗೆ ಈ ಮಾತು ನೇರವಾಗಿ ಸಲ್ಲುತ್ತದೆ. ಉಳಿದವರಿಗೆ ಒಂದು ಬಗೆಯ ಎಚ್ಚರದ ಕಥೆಯಾಗಿ ಸಲ್ಲಲಿ.

ಈ ಕೆಲಸ ಹೊಸದೇನಲ್ಲ. 1870ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯಲ್ಲಿ ಕಾಡೆಮ್ಮೆಗಳನ್ನು ಬೇಟೆಯಾಡುತ್ತಿದ್ದವರು ಖರ್ಚು ಉಳಿಸಲು ಬೀಡಿನ ಬೆಂಕಿಯ ಬಳಿ ಕುಳಿತು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಆ ಶತಮಾನ ಮುಗಿಯುವುದರೊಳಗೆ ಇದಕ್ಕೆಂದೇ ಕೈಯುಪಕರಣಗಳನ್ನು ಮಾಡಿ ಮಾರುವ ಕಂಪೆನಿಗಳು ಹುಟ್ಟಿದವು. ಉಪಕರಣಗಳೊಡನೆ ಕೈಪಿಡಿಗಳೂ ಬಂದವು. 1937ರಲ್ಲಿ ಫಿಲಿಪ್ ಷಾರ್ಪ್ ಎಂಬಾತ ಈ ವಿದ್ಯೆಯನ್ನು ಕುರಿತು ಒಂದು ಬೃಹತ್ ಗ್ರಂಥವನ್ನೇ ಪ್ರಕಟಿಸಿದ. ಬಡತನದ ಮಿತವ್ಯಯವಾಗಿ ಆರಂಭವಾದದ್ದು ಕ್ರಮೇಣ ಶಾಸ್ತ್ರದ ರೂಪವನ್ನು ತಾಳಿತು.

ಒಂದು ತೋಟಾದಲ್ಲಿ ನಾಲ್ಕು ಅಂಗಗಳಿವೆ: ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕೂರುವ, ಪೆಟ್ಟು ಬಿದ್ದೊಡನೆ ಕಿಡಿ ಹಾರಿಸುವ, ಪ್ರೈಮರ್ ಎಂಬ ಪುಟ್ಟ ಬಟ್ಟಲು, ಒಳಗಿನ ಮದ್ದು, ಬಾಯಲ್ಲಿ ಕಚ್ಚಿಕೊಂಡಿರುವ ಗುಂಡು. ಗುಂಡು ಹಾರಿದಾಗ ನಾಲ್ಕರಲ್ಲಿ ಮೂರು ಮುಗಿದುಹೋಗುತ್ತವೆ. ಚಿಪ್ಪು ಮಾತ್ರ ಉಳಿಯುತ್ತದೆ. ಒತ್ತಡಕ್ಕೆ ತುಸು ಹಿಗ್ಗಿದ ಆ ಚಿಪ್ಪನ್ನು ಚೊಕ್ಕಟ ಮಾಡಿ, ಬಿರುಕಿದೆಯೇ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಗಾತ್ರಕ್ಕೆ ತರುತ್ತಾರೆ. ಸುಟ್ಟ ಪ್ರೈಮರು ಹೊರಬೀಳುತ್ತದೆ. ಬಾಯನ್ನು ಕೊಂಚ ಅರಳಿಸಿ, ಹೊಸ ಪ್ರೈಮರನ್ನು ಕೂರಿಸಿ, ಮದ್ದನ್ನು ತೂಗಿ ಸುರಿದು, ಗುಂಡನ್ನು ನಿಯಮಿತ ಆಳಕ್ಕೆ ಇಳಿಸಿ, ಕಡೆಯಲ್ಲಿ ಬಾಯಂಚನ್ನು ಒಳಕ್ಕೆ ಮಡಿಸಿ ಬಿಗಿಯುತ್ತಾರೆ. ಹೇಳುವುದಕ್ಕೆ ಇಷ್ಟೆ. ನೋಡುತ್ತ ಕುಳಿತರೆ ನಮ್ಮ ಊರಿನ ಅಕ್ಕಸಾಲಿಯ ಮನೆಯ ಜಗುಲಿಯಲ್ಲಿ ಕುಳಿತಂತೆಯೇ ಇತ್ತು.

ಈ ಹೋಲಿಕೆ ಬರಿಯ ಅಲಂಕಾರವಲ್ಲ. ಅಲ್ಲಿ ಮದ್ದನ್ನು ತೂಗುವ ಮಾನಕ್ಕೆ ‘ಗ್ರೇನ್’ ಎಂದು ಹೆಸರು. ಕಾಳು ಎಂದೇ ಅದರ ಅರ್ಥ. ಒಂದು ಪೌಂಡಿಗೆ 7,000 ಗ್ರೇನ್. ನಮ್ಮ ಅಕ್ಕಸಾಲಿಗಳು ಚಿನ್ನ ತೂಗುತ್ತಿದ್ದ ಗುಲಗಂಜಿ ಹೆಚ್ಚುಕಡಮೆ ಎರಡು ಗ್ರೇನಿನಷ್ಟು. ಗುಲಗಂಜಿಯಷ್ಟು ಚಿನ್ನ ಹೆಚ್ಚುಕಡಮೆಯಾದರೆ ಜಗಳವಾದೀತು, ಮನಸ್ಸು ಮುರಿದೀತು. ಗುಲಗಂಜಿಯಷ್ಟು ಮದ್ದು ಹೆಚ್ಚಾದರೆ ಮುರಿಯುವುದು ಬೇರೆ.

ರಿವಾಲ್ವರಿನ ತೋಟಾದಲ್ಲಿ ಈ ಅಪಾಯಕ್ಕೆ ಒಂದು ಐತಿಹಾಸಿಕ ಕಾರಣವೂ ಇದೆ. ಹೊಸಬರು ಎಲ್ಲಕ್ಕಿಂತ ಮೊದಲು ಅರಿಯಬೇಕಾದದ್ದು ಇದನ್ನೇ. ನನ್ನ ಶಿಷ್ಯ ತುಂಬುತ್ತಿದ್ದುದು ‘.38 ಸ್ಪೆಷಲ್’ ಎಂಬ ಬಗೆಯ ತೋಟಾ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಮಿತ್ ಅಂಡ್ ವೆಸ್ಸನ್ ಕಂಪೆನಿಯವರು ಅದನ್ನು ರೂಪಿಸಿದಾಗ ಮನಸ್ಸಿನಲ್ಲಿದ್ದುದು ಹಳೆಯ ಕಪ್ಪು ಮದ್ದು. ಅದು ಚಿಪ್ಪಿಗೆ ಸುಮಾರು 21 ಗ್ರೇನಿನಷ್ಟು ಹಿಡಿಸುತ್ತಿತ್ತು, ಚಿಪ್ಪು ತುಂಬುತ್ತಿತ್ತು. ಕಪ್ಪು ಮದ್ದಿನ ಕಾಲದಲ್ಲಿ ತಪ್ಪಿ ಎರಡು ಸಲ ಹಾಕಹೋದರೆ ಹೊರಗೆ ಚೆಲ್ಲಿ, ತಪ್ಪು ತಾನೇ ಕೂಗಿ ಹೇಳುತ್ತಿತ್ತು. ಆದರೆ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆರಹಿತ ಮದ್ದನ್ನು ಸಾಧಿಸಿದ ಮೇಲೆ ಕ್ರಮೇಣ ಎಲ್ಲೆಡೆಯೂ ಅದೇ ಬಳಕೆಗೆ ಬಂತು. ಹೊಸ ಮದ್ದಿಗೆ ಶಕ್ತಿ ಬಹಳ. ಸಣ್ಣದೊಂದು ಪಾಲು ಸಾಕು. ಚಿಪ್ಪಿನ ಗಾತ್ರ ಮಾತ್ರ ಹಳೆಯದೇ ಉಳಿಯಿತು. ಎಂದರೆ ಇಂದಿನ ತೋಟಾದೊಳಗೆ ಹೆಚ್ಚಿನ ಪಾಲು ಬರಿಯ ಗಾಳಿ. ಅಲ್ಲಿ ಮದ್ದನ್ನು ಎರಡು ಸಲ ಹಾಕಿದರೂ ಹಿಡಿಸುತ್ತದೆ. ಮೇಲೆ ಗುಂಡು ಕೂರಿಸಿದರೆ ಹೊರಗಿನವರಿಗೆ ಯಾವ ವ್ಯತ್ಯಾಸವೂ ಕಾಣದು. ಇಮ್ಮಡಿ ಮದ್ದಿನ ಒತ್ತಡವೋ ಇಮ್ಮಡಿಯಲ್ಲಿ ನಿಲ್ಲದೆ ಅದಕ್ಕಿಂತ ಎಷ್ಟೋ ಮೇಲೇರುತ್ತದೆ. ಉಕ್ಕಿನ ಉರುಳೆ ಸೀಳುತ್ತದೆ. ಅದು ಇರುವುದು ಮುಖಕ್ಕೆ ಒಂದು ಮೊಳದ ದೂರದಲ್ಲಿ.

ಆ ದಿನ ಅವನ ಮುಂದೆ ಐವತ್ತು ಕುಳಿಗಳ ಒಂದು ಮರದ ಹಲಗೆಯಿತ್ತು. ಐವತ್ತು ಚಿಪ್ಪುಗಳು ಬಾಯಿ ಮೇಲಾಗಿ ನಿಂತಿದ್ದವು. ಅವನು ಒಂದೊಂದಕ್ಕೂ ಮದ್ದು ಸುರಿಯುತ್ತ ಬರುತ್ತಿದ್ದ. ಮೂವತ್ತನ್ನು ದಾಟಿರಬೇಕು. ನನಗೆ ಮೌನ ಒಗ್ಗುವುದಿಲ್ಲ, ಅಧ್ಯಾಪಕನ ಚಟ. ‘ಮದ್ದು ಎಂಬ ಮಾತು ತಮಿಳಿನ ಮರುಂದಿಗೆ ನಂಟು ಅಲ್ಲವೇನಯ್ಯ?’ ಎಂದು ಕೇಳಿಬಿಟ್ಟೆ. ಅವನು ಗೌರವದಿಂದ ತಲೆಯೆತ್ತಿ ‘ಹೌದು ಸಾರ್’ ಎಂದ. ಮತ್ತೆ ಹಲಗೆಯ ಕಡೆ ನೋಡಿದವನು ಕ್ಷಣಕಾಲ ಸುಮ್ಮನಾದ. ಆಮೇಲೆ ಒಂದು ಮಾತೂ ಆಡದೆ, ತುಂಬಿದ್ದ ಚಿಪ್ಪುಗಳನ್ನೆಲ್ಲ ಒಂದೊಂದಾಗಿ ಎತ್ತಿ ಮದ್ದನ್ನು ಮರಳಿ ಡಬ್ಬಿಗೆ ಸುರಿದು, ತಕ್ಕಡಿಯನ್ನು ಸೊನ್ನೆಗೆ ನಿಲ್ಲಿಸಿ, ಮೊದಲನೆಯ ಚಿಪ್ಪಿನಿಂದ ಆರಂಭಿಸಿದ. ಬೆರಳಿಟ್ಟಿದ್ದ ಚಿಪ್ಪಿಗೆ ಮದ್ದು ಹಾಕಿ ತಲೆಯೆತ್ತಿದನೋ, ಹಾಕುವುದಕ್ಕೆ ಮೊದಲು ಎತ್ತಿದನೋ, ಅವನಿಗೆ ನೆನಪಾಗಲಿಲ್ಲ. ಸಂದೇಹವಿದ್ದುದು ಒಂದರ ವಿಷಯದಲ್ಲಿ. ಬರಿದು ಮಾಡಿದ್ದು ಎಲ್ಲವನ್ನೂ. ನನಗೆ ನಾಚಿಕೆಯಾಯಿತು. ಅಂದಿನ ಉಳಿದ ಹೊತ್ತು ನಾನು ಬಾಯಿ ತೆರೆಯಲಿಲ್ಲ.

ಐವತ್ತೂ ತುಂಬಿದ ಮೇಲೆ ಅವನು ದೀಪವನ್ನು ಓರೆಯಾಗಿ ಹಿಡಿದು ಎಲ್ಲ ಚಿಪ್ಪುಗಳ ಒಳಗನ್ನೂ ಸಾಲಾಗಿ ಇಣಿಕಿ ನೋಡಿದ. ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿರಬೇಕು. ಗುಂಡು ಕೂರಿಸುವುದಕ್ಕೆ ಮೊದಲು ದೊರೆಯುವ ಕಡೆಯ ಅವಕಾಶ ಅದು. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು ಇರಬೇಕೆಂಬುದು ಅವನ ಇನ್ನೊಂದು ನಿಯಮ. ಎರಡು ಡಬ್ಬಿಗಳಿದ್ದರೆ ಯಾವಾಗಲಾದರೂ ಒಂದರದು ಇನ್ನೊಂದಕ್ಕೆ ಬೀಳುವುದೇ ಸರಿ. ಹೆಸರು ಅಳಿದ ಡಬ್ಬಿಯ ಮದ್ದನ್ನು ಬಣ್ಣ ನೋಡಿ ಊಹಿಸುವುದು ಎಂದಿಗೂ ಸಲ್ಲದು.

ಇನ್ನು ಓದಿನ ಮಾತು. ಕನ್ನಡದ ಅಧ್ಯಾಪಕನಾಗಿ ನನಗೆ ಹೆಚ್ಚು ಹಿಡಿಸಿದ ಭಾಗ ಇದೇ. ‘.38’ ಎಂದರೆ ಗುಂಡಿನ ಅಡ್ಡಳತೆ 0.38 ಅಂಗುಲವೆಂದು ಯಾರೂ ತಿಳಿಯುತ್ತಾರೆ; ಆದರೆ ಅಳೆದು ನೋಡಿದರೆ ಸುಮಾರು 0.357 ಮಾತ್ರ. ಹಿಂದೊಂದು ಕಾಲದಲ್ಲಿ ಗುಂಡು ಚಿಪ್ಪಿನ ಹೊರಮೈಯಷ್ಟೇ ದಪ್ಪವಿರುತ್ತಿತ್ತು. ಆಗ ಬಂದ ಹೆಸರು, ಗುಂಡು ತೆಳುವಾದ ಮೇಲೂ ಉಳಿದುಕೊಂಡಿತು. 1935ರಲ್ಲಿ ಇದಕ್ಕಿಂತ ಬಲವಾದ ತೋಟಾ ಬಂದಾಗ ಅದಕ್ಕೆ ‘.357 ಮ್ಯಾಗ್ನಮ್’ ಎಂದು ಹೆಸರಿಟ್ಟರು. ಹೆಸರು ಬೇರೆ, ಗುಂಡಿನ ಗಾತ್ರ ಒಂದೇ, ಶಕ್ತಿ ಮಾತ್ರ ಅಜಗಜಾಂತರ! ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ರೂಢನಾಮ, ಎರಡನೆಯದು ಅನ್ವರ್ಥನಾಮ. ಎರಡನೆಯದರ ಚಿಪ್ಪನ್ನು ಬೇಕೆಂದೇ ತುಸು ಉದ್ದ ಮಾಡಿದ್ದಾರೆ. ಹಳೆಯ ರಿವಾಲ್ವರಿನೊಳಗೆ ಅದು ಹೋಗಕೂಡದು ಎಂಬ ಉದ್ದೇಶದಿಂದ. ಹೆಸರಿನಿಂದ ಅರ್ಥವನ್ನು ಊಹಿಸುವವನಿಗೆ ಈ ಶಾಸ್ತ್ರದಲ್ಲಿ ಕ್ಷಮೆಯಿಲ್ಲ.

ಆದುದರಿಂದಲೇ ಇಲ್ಲಿ ಕೈಪಿಡಿಗೆ ಅಷ್ಟು ಪ್ರಾಧಾನ್ಯ. ಯಾವ ಮದ್ದು, ಎಷ್ಟು ತೂಕದ ಯಾವ ಗುಂಡು, ಯಾವ ಪ್ರೈಮರು, ಒಟ್ಟು ಉದ್ದವೆಷ್ಟು, ಮದ್ದು ಎಲ್ಲಿಂದ ಆರಂಭಿಸಿ ಎಲ್ಲಿಗೆ ನಿಲ್ಲಬೇಕು ಎಂಬುದನ್ನು ಅದು ಕೋಷ್ಟಕವಾಗಿ ಕೊಡುತ್ತದೆ. ಹೊಸಬನು ಆರಂಭದ ಅಂಕೆಯಿಂದಲೇ ತೊಡಗಬೇಕು. ಕೋಷ್ಟಕದಲ್ಲಿನ ಒಂದು ಪದವನ್ನು ತೆಗೆದು ಇನ್ನೊಂದನ್ನು ಇಟ್ಟರೆ ಪದ್ಯದ ಛಂದಸ್ಸು ಕೆಟ್ಟಂತೆ ಎಲ್ಲವೂ ಕೆಡುತ್ತದೆ. ‘ಹೆಚ್ಚು ಹಾಕಿದರೆ ತಾನೆ ಅಪಾಯ, ಕಡಮೆ ಹಾಕೋಣ’ ಎನ್ನುವ ಲೋಕಜ್ಞಾನವೂ ಸಲ್ಲದು. ನಿಧಾನವಾಗಿ ಉರಿಯುವ ಕೆಲವು ಮದ್ದುಗಳನ್ನು ಹೇಳಿದ್ದಕ್ಕಿಂತ ಕಡಮೆ ಮಾಡಿದರೂ ಅಪಾಯವೇ. ಈ ಲೇಖನದಲ್ಲಿ ನಾನು ಮದ್ದಿನ ಅಳತೆಯ ಅಂಕೆಯೊಂದನ್ನೂ ಹೊಸಬರಿಗಾಗಿ ಕೊಟ್ಟಿಲ್ಲ. ಅದನ್ನು ಮದ್ದು ತಯಾರಿಸಿದವರ ಪುಸ್ತಕದಲ್ಲಿಯೇ ಓದಬೇಕು, ಪತ್ರಿಕೆಯಲ್ಲಾಗಲಿ ಗೆಳೆಯನ ಬಾಯಲ್ಲಾಗಲಿ ಅಲ್ಲ.

ದೊಡ್ಡವರೂ ಇದಕ್ಕೆ ಹೊರತಲ್ಲ. ಎಲ್ಮರ್ ಕೀತ್ ಎಂಬ ಇಡಾಹೊ ಸಂಸ್ಥಾನದ ದನಗಾಹಿ ಈ ವಿದ್ಯೆಯಲ್ಲಿ ಪ್ರಸಿದ್ಧ. 1950ರ ದಶಕದಲ್ಲಿ ಬಂದ ‘.44 ಮ್ಯಾಗ್ನಮ್’ ತೋಟಾದ ಹಿಂದೆ ಇದ್ದುದು ಅವನ ಪ್ರಯೋಗಗಳೇ. ತರುಣನಾಗಿದ್ದಾಗ ಹಳೆಯದೊಂದು ಕೋಲ್ಟ್ ರಿವಾಲ್ವರಿಗೆ ಮಿತಿಮೀರಿದ ಭಾರದ ತೋಟಾ ಹಾಕಿ ಅದನ್ನು ಕೈಯಲ್ಲೇ ಒಡೆದುಕೊಂಡವನು ಅವನು. ಬದುಕಿದ, ಅದನ್ನು ಮುಚ್ಚಿಡದೆ ಬರೆದ.

ಅಧಿಕದಂತೆಯೇ ಶೂನ್ಯವೂ ಘಾತುಕ. ಮದ್ದು ಹಾಕಲು ಮರೆತ ತೋಟಾದಲ್ಲಿ ಪ್ರೈಮರಿನ ಕಿಡಿಯೊಂದೇ ಗುಂಡನ್ನು ನಳಿಗೆಯವರೆಗೆ ತಳ್ಳಿ ಅಲ್ಲಿ ಸಿಕ್ಕಿಸಿಬಿಡಬಲ್ಲದು. ಟಪ್ಪೆಂದು ಒಂದು ಮೆಲ್ಲನೆಯ ಸದ್ದು, ಅಷ್ಟೆ. ತಾನೇ ತುಂಬಿಕೊಳ್ಳುವ ಪಿಸ್ತೂಲಾದರೆ ಸಾಮಾನ್ಯವಾಗಿ ಅಲ್ಲಿಗೇ ನಿಂತೀತು. ರಿವಾಲ್ವರು ವಿಧೇಯ ಯಂತ್ರ. ಕುದುರೆ ಎಳೆದರೆ ಉರುಳೆ ತಿರುಗಿ ಮುಂದಿನ ತೋಟಾವನ್ನು ತಂದು ನಿಲ್ಲಿಸುತ್ತದೆ. ಮುಚ್ಚಿದ ನಳಿಗೆಗೆ ಎರಡನೆಯ ಗುಂಡು ಹಾರಿದರೆ ನಳಿಗೆ ಉಬ್ಬೀತು, ಸಿಡಿದೀತು. ಸದ್ದು ಕ್ಷೀಣವಾಗಿ ಕೇಳಿದರೆ ಕೈ ತಡೆಯಬೇಕು. ಆಯುಧವನ್ನು ಗುರಿಯತ್ತಲೇ ಹಿಡಿದು ತುಸು ಹೊತ್ತು ಕಾದು, ಬರಿದು ಮಾಡಿ, ನಳಿಗೆಯನ್ನು ಪರೀಕ್ಷಿಸಬೇಕು. ಚಿಪ್ಪಿನ ಬಾಯಂಚನ್ನು ಬಿಗಿಯುವುದಕ್ಕೂ ಇಲ್ಲಿ ಕಾರಣವುಂಟು: ಒಂದು ಹಾರಿದ ಒದೆತಕ್ಕೆ ಉರುಳೆಯಲ್ಲಿನ ಉಳಿದ ತೋಟಾಗಳ ಗುಂಡುಗಳು ಮುಂದಕ್ಕೆ ಜರುಗಿ ಉರುಳೆ ತಿರುಗದಂತಾಗಬಹುದು. ಪ್ರೈಮರು ಪೂರ್ತಿ ಇಳಿಯದೆ ಉಬ್ಬಿದ್ದರೂ ಹಾಗೆಯೇ.

ಸಿಡಿತಕ್ಕಿಂತ ಮೆಲ್ಲನೆ ಕೊಲ್ಲುವ ಶತ್ರು ಸೀಸ. ಗುಂಡಿನಲ್ಲಿದೆ, ಸುಟ್ಟ ಪ್ರೈಮರಿನ ಬೂದಿಯಲ್ಲಿಯೂ, ಚಿಪ್ಪು ತೊಳೆಯುವಾಗ ಏಳುವ ದೂಳಿನಲ್ಲಿಯೂ ಇದೆ. ನನ್ನ ಶಿಷ್ಯನ ಮೇಜಿನ ಬಳಿ ಕಾಫಿಯ ಬಟ್ಟಲು ಬರುತ್ತಿರಲಿಲ್ಲ, ಮಕ್ಕಳಿಗೆ ಪ್ರವೇಶವಿರಲಿಲ್ಲ, ಕಣ್ಣಿಗೆ ಕನ್ನಡಕ ತಪ್ಪುತ್ತಿರಲಿಲ್ಲ. ಎದ್ದೊಡನೆ ಸಾಬೂನು ಹಾಕಿ ಕೈ ತೊಳೆದು, ಆಮೇಲೆಯೇ ಮಗಳನ್ನು ಮುಟ್ಟುತ್ತಿದ್ದ.

ಹೊರಡುವ ಮುನ್ನ ಗೋಡೆಯ ಮೊಳೆಗೆ ತೂಗುಹಾಕಿದ್ದ ಒಂದು ಉಕ್ಕಿನ ತುಂಡನ್ನು ಕುರಿತು ಕೇಳಿದೆ. ಅವನಿಗೆ ಈ ವಿದ್ಯೆ ಕಲಿಸಿದ ನೆರೆಮನೆಯ ವೃದ್ಧನು ಕೊಟ್ಟದ್ದಂತೆ: ಆರು ಮನೆಗಳ ಉರುಳೆ, ಆದರೆ ಮೂರು ಮನೆಗಳು ಬಿಚ್ಚಿ, ಅರಳಿದ ಹೂವಿನ ಎಸಳುಗಳಂತೆ ಹೊರಕ್ಕೆ ಬಾಗಿದ್ದವು. ‘ಆವೊತ್ತು ಫೋನು ಬಂತಂತೆ ಸಾರ್, ಮಾತಾಡಿ ಬಂದು ಮುಂದುವರಿಸಿದರಂತೆ’ ಎಂದಷ್ಟೆ ಹೇಳಿದ. ಆ ವೃದ್ಧರು ನನಗೆ ಎಡಗೈ ನೀಡಿ ಕುಲುಕಿದ್ದೇಕೆಂಬುದು ಆಗ ತಿಳಿಯಿತು.

ಊರಿಗೆ ಬಂದಮೇಲೆ ನನ್ನಲ್ಲಿ ಒಂದು ಬದಲಾವಣೆಯಾಗಿದೆ. ಪರೀಕ್ಷೆಯ ಉತ್ತರಪತ್ರಿಕೆಗಳ ಅಂಕಗಳನ್ನು ಕೂಡಿಸುತ್ತಿರುವಾಗ ಯಾರಾದರೂ ಬಾಗಿಲಲ್ಲಿ ನಿಂತು ಮಾತನಾಡಿಸಿದರೆ ಉತ್ತರ ಹೇಳುತ್ತೇನೆ. ಅವರು ಹೋದ ಬಳಿಕ ಬೆರಳಿಟ್ಟ ಜಾಗದಿಂದ ಮುಂದುವರಿಸುವುದಿಲ್ಲ. ಆ ಪತ್ರಿಕೆಯ ಮೊದಲನೆಯ ಪುಟಕ್ಕೆ ಹೋಗಿ ಮತ್ತೆ ಕೂಡಿಸುತ್ತೇನೆ. ಅದರೊಳಗೆ ಯಾವನೋ ಒಬ್ಬ ಹುಡುಗನ ಇಡೀ ವರ್ಷವಿದೆ.