ಅಂಗಳದಲ್ಲಿ ಕೂತ ಉಪ್ಪನ ಕಿವಿಗೆ ಯಾವ ಪೆಟ್ಟಿಗೆ?

ಕಳೆದ ಮೆಣಸಿನಕಾಯಿ ಸೀಸನ್ನಿನಲ್ಲಿ ನಡೆದದ್ದು. ಬ್ಯಾಡಗಿಯಲ್ಲಿ ಮಾರುಕಟ್ಟೆಯ ದಿನ ಎಂದರೆ ಮೋಟೆಬೆನ್ನೂರು ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರ್‌ಗಳಿಗೆ ಬಿಡುವಿಲ್ಲ. ಅಸರ್ ನಮಾಝ್ ಮುಗಿಸಿ ನಮ್ಮ ಉಪ್ಪ ಎಂದಿನಂತೆ ರಸ್ತೆ ಬದಿಯಲ್ಲಿ ನಡೆಯಲು ಹೊರಟಿದ್ದರು. ಕಿವಿಯಲ್ಲಿ ನಾವೇ ತಂದುಕೊಟ್ಟ ಇಯರ್‌ಫೋನ್, ಜೇಬಿನಲ್ಲಿ ಮೊಬೈಲ್, ಅದರಲ್ಲಿ ಖಿರಾಅತ್. ಹಿಂದಿನಿಂದ ಚೀಲ ತುಂಬಿದ ಟ್ರ್ಯಾಕ್ಟರ್ ಎಷ್ಟು ಹಾರ್ನ್ ಹೊಡೆದರೂ ಅವರಿಗೆ ಕೇಳಿಸಲೇ ಇಲ್ಲ. ಪಕ್ಕದ ಅಂಗಡಿಯವರು ಓಡಿಬಂದು ತೋಳು ಹಿಡಿದು ಎಳೆದರು. ಅಲ್ಲಾಹು ಕಾಪಾಡಿದ. ಅಂಗಡಿಯವರು ನಮಗೆ ಹೇಳಿದ್ದು ಒಂದೇ ಮಾತು: "ಉಸ್ತಾದ್ರ, ಅಜ್ಜಾರ ಕಿವ್ಯಾಗ ಇದನ್ನ ಹಾಕಿ ರಸ್ತಾಕ್ಕ ಬಿಡಬ್ಯಾಡ್ರಿ."

ಆ ದಿನ ಉಪ್ಪ ಇಯರ್‌ಫೋನನ್ನು ಕಪಾಟಿನಲ್ಲಿಟ್ಟರು. ಅದರ ಜೊತೆ ಸಂಜೆಯ ನಡಿಗೆಯನ್ನೂ ಬಿಟ್ಟರು. ಮನೆಯ ಮುಂದಿನ ಬೇವಿನ ಮರದ ಕೆಳಗೆ ಕೂರುವುದೂ ನಿಂತಿತು. ಎರಡು ತಿಂಗಳು ಕೋಣೆಯೊಳಗೇ ಇದ್ದರು. ಊಟ ಕಮ್ಮಿಯಾಯಿತು, ಮಾತು ಇನ್ನೂ ಕಮ್ಮಿಯಾಯಿತು. ತಪ್ಪು ಅವರದಲ್ಲ, ನಮ್ಮದು. ನಾವು ಅಂಗಡಿಗೆ ಹೋಗಿ ಸಾಮಾನು ಆರಿಸಿದ್ದೆವು. ಅವರ ಕಿವಿ ಹೇಗಿದೆ, ಕೈಬೆರಳು ಹೇಗಿವೆ, ಅವರು ಕೂರುವುದು ಎಲ್ಲಿ, ಕೇಳಬೇಕೆಂದಿರುವುದು ಏನು ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ.

ಕೆಲಸಕ್ಕೆ, ವ್ಯಾಪಾರಕ್ಕೆ ಎಂದು ಕರಾವಳಿ ಬಿಟ್ಟು ಘಟ್ಟದ ಮೇಲೆ ಬಂದ ನಮ್ಮಂಥ ಮನೆಗಳಲ್ಲಿ ಇದು ದೊಡ್ಡ ವಿಷಯ. ಮಕ್ಕಳ ಜೊತೆ ಬಂದ ಹಿರಿಯರಿಗೆ ಇಲ್ಲಿ ಬ್ಯಾರಿ ಮಾತಾಡುವ ನೆರೆಯವರಿಲ್ಲ. ಸೊಸೆಗೆ ಅಡುಗೆಮನೆ, ಮಗನಿಗೆ ಅಂಗಡಿ ಅಥವಾ ಮದ್ರಸ, ಮಕ್ಕಳಿಗೆ ಶಾಲೆ. ಹಗಲೆಲ್ಲ ಅವರ ಜೊತೆಗಿರುವುದು ಒಂದು ಧ್ವನಿ ಮಾತ್ರ. ಆ ಧ್ವನಿಯನ್ನು ಅಂಗಳಕ್ಕೆ, ಗಾಳಿ ಬೆಳಕಿಗೆ ತರುವುದು ಹೇಗೆ ಎಂದು ನಾವು ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕಿವಿ, ಆಮೇಲೆ ಪೆಟ್ಟಿಗೆ

ನಾವು ಮೊದಲು ಹೋಗಬೇಕಾಗಿದ್ದು ಅಂಗಡಿಗಲ್ಲ, ವೈದ್ಯರ ಬಳಿಗೆ. ಎರಡು ತಿಂಗಳ ನಂತರ ಉಪ್ಪನನ್ನು ಹಾವೇರಿಗೆ ಕರೆದುಕೊಂಡು ಹೋಗಿ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿದೆವು. ಬಲಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆದ ಮೇಲೆ ಆ ಕಿವಿಯೇ ಎಡಗಿವಿಗಿಂತ ಚೆನ್ನಾಗಿದೆ ಎಂದು ಗೊತ್ತಾಯಿತು. ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಮಾಡಬೇಡಿ. ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ, ಪರದೆಗೂ ಪೆಟ್ಟಾಗಬಹುದು.

ವಯಸ್ಸಾದಂತೆ ಕಿವಿ ಮಂದವಾಗುವುದು ಎಲ್ಲ ಸ್ವರಕ್ಕೂ ಒಂದೇ ಸಮ ಅಲ್ಲ. ಮೊದಲು ಹೋಗುವುದು ತೆಳುವಾದ, ಮೇಲಿನ ಸ್ವರ. ಸ, ಶ, ಫ ಇಂಥ ಅಕ್ಷರಗಳು ಅಲ್ಲಿಯೇ ಇರುವುದು. ಅದಕ್ಕೇ ಹಿರಿಯರು "ಕೇಳುತ್ತದೆ, ಆದರೆ ಏನು ಹೇಳಿದ್ದು ಗೊತ್ತಾಗುವುದಿಲ್ಲ" ಎನ್ನುತ್ತಾರೆ. ನಾವು ವಾಲ್ಯೂಮ್ ಏರಿಸುತ್ತೇವೆ. ಸದ್ದು ದೊಡ್ಡದಾಗುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಮದುವೆ ಮನೆಯಲ್ಲಿ ಎದೆ ನಡುಗಿಸುವ ಬಾಸ್ ಸ್ಪೀಕರ್ ಹಿರಿಯರಿಗೆ ಆಗಿಬರದಿರುವುದು ಇದಕ್ಕೇ. ಆ ದಪ್ಪ ಸದ್ದು ತೆಳು ಅಕ್ಷರಗಳನ್ನು ಮುಚ್ಚಿಬಿಡುತ್ತದೆ.

ಶ್ರವಣಯಂತ್ರ ಬೇಕು ಎಂದು ವೈದ್ಯರು ಹೇಳಿದರೆ ಮುಂದೂಡಬೇಡಿ. ಬಿಪಿಎಲ್ ಕುಟುಂಬದ 60 ವರ್ಷ ದಾಟಿದವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಊರುಗೋಲು, ಕನ್ನಡಕದ ಜೊತೆ ಶ್ರವಣಯಂತ್ರವೂ ಅದರಲ್ಲಿ ಉಚಿತವಾಗಿ ಸಿಗುತ್ತದೆ. ಜಿಲ್ಲೆಯಲ್ಲಿ ಶಿಬಿರ ಯಾವಾಗ ಎಂದು ಅಂಗವಿಕಲರ ಮತ್ತು ಹಿರಿಯ ನಾಗರಿಕರ ಇಲಾಖೆಯ ಕಚೇರಿಯಲ್ಲಿ ಕೇಳಿ.

ಗೋಡೆಯಿಲ್ಲದ ಜಾಗ

ಎರಡನೆಯದು ಜಾಗ. ಕೋಣೆಯಲ್ಲಿ ಗೋಡೆ, ಮಾಡು ಸದ್ದನ್ನು ತಿರುಗಿಸಿ ಕಿವಿಗೆ ಕೊಡುತ್ತವೆ. ಅಂಗಳದಲ್ಲಿ ಹಾಗಿಲ್ಲ, ಸದ್ದು ಹರಡಿ ಹೋಗಿಬಿಡುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ ಜಗಲಿಯ ಮೇಲಿಟ್ಟ ದೊಡ್ಡ ಪೆಟ್ಟಿಗೆಗಿಂತ ಕುರ್ಚಿಯ ಕೈಮೇಲಿಟ್ಟ ಸಣ್ಣ ಪೆಟ್ಟಿಗೆಯೇ ಒಳ್ಳೆಯದು. ಹತ್ತಿರ ಇಟ್ಟರೆ ವಾಲ್ಯೂಮ್ ಕಮ್ಮಿ ಸಾಕು, ನೆರೆಮನೆಗೂ ತೊಂದರೆಯಿಲ್ಲ. ಒಂದು ಕಿವಿ ಚೆನ್ನಾಗಿದ್ದರೆ ಆ ಬದಿಗೇ ಇಡಿ. ನಮ್ಮ ಉಪ್ಪನಿಗೆ ಬಲಬದಿ.

ಹಾಗಾದರೆ ಯಾವುದು?

ಕಿವಿ ಮುಚ್ಚುವ ಇಯರ್‌ಫೋನ್: ನಡೆಯುವಾಗ ಬೇಡವೇ ಬೇಡ. ವಾಹನ ಕೇಳುವುದಿಲ್ಲ, ಬಾಂಗ್ ಕೇಳುವುದಿಲ್ಲ, ಯಾರಾದರೂ ಸಲಾಂ ಹೇಳಿದರೂ ಗೊತ್ತಾಗುವುದಿಲ್ಲ. ಕೂತು ಕೇಳುವಾಗಲೂ ಸದ್ದಿನ ಮೇಲೆ ಗಮನ ಬೇಕು. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದಿರುವ ಕಿವಿಯನ್ನು ಉಳಿಸಿಕೊಳ್ಳಬೇಕಲ್ಲವೇ?

ಕೆನ್ನೆಯ ಮೂಳೆಗೆ ತಾಗಿ ಕೂರುವ ಹೆಡ್‌ಫೋನ್: ಇದು ಮೂಳೆಯ ಮೂಲಕ ಒಳಗಿವಿಗೆ ಸದ್ದು ಕೊಡುತ್ತದೆ. ಕಿವಿಯ ಬಾಯಿ ತೆರೆದೇ ಇರುತ್ತದೆ, ಹೊರಗಿನದೂ ಕೇಳುತ್ತದೆ. ಒಳಗಿವಿಯ ನರವೇ ದುರ್ಬಲವಾಗಿದ್ದರೆ ಇದರಿಂದ ವಿಶೇಷ ಲಾಭವಿಲ್ಲ. ಟೋಪಿ, ಕನ್ನಡಕದ ಜೊತೆ ಹಾಕಲು ಕೆಲವರಿಗೆ ಕಿರಿಕಿರಿ. ಹಾಕಿ ನೋಡದೆ ಕೊಳ್ಳಬೇಡಿ.

ಬ್ಲೂಟೂತ್ ಸ್ಪೀಕರ್: ಮೊಬೈಲ್ ಹಿಡಿಯಲು ಬರುವ ಹಿರಿಯರಿಗೆ ಸರಿ. ಆದರೆ ಸಣ್ಣ ಸ್ಪೀಕರ್‌ಗಳಿಗೆ ಮೊಬೈಲ್ ಹತ್ತು ಮೀಟರ್ ಒಳಗೇ ಇರಬೇಕು. ಮೊಬೈಲ್ ಹಿಡಿದುಕೊಂಡು ಮಗ ಅಂಗಡಿಗೆ ಹೋದರೆ ಉಪ್ಪನ ಖಿರಾಅತ್ ಅರ್ಧ ಆಯತಿಗೇ ನಿಲ್ಲುತ್ತದೆ. ನಮ್ಮಲ್ಲಿ ಹಾಗಾದದ್ದಿದೆ.

ಹಾಡು ತುಂಬಿಸಿಯೇ ಕೊಡುವ ರೇಡಿಯೊ ಮಾದರಿಯ ಪೆಟ್ಟಿಗೆ: 2017ರಲ್ಲಿ ಸರೆಗಮ ಕಂಪನಿಯ ಕಾರವಾನ್ ಬಂದ ಮೇಲೆ ಹಿರಿಯರಿಗೆ ಇದು ಉಡುಗೊರೆಯಾಗಿಬಿಟ್ಟಿದೆ. ದೊಡ್ಡ ಗುಂಡಿ, ತಿರುಗಿಸಿದರೆ ಸಾಕು. ಅದರೊಳಗಿರುವುದು ಸಿನೆಮಾ ಹಾಡು. ನಮ್ಮ ಹಿರಿಯರಿಗೆ ಬೇಕಾದದ್ದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಬೇಕು.

ಮೆಮೊರಿ ಕಾರ್ಡ್ ಹಾಕುವ ಸಣ್ಣ ಸ್ಪೀಕರ್: ಮೊಬೈಲ್ ಬೇಡ, ನೆಟ್ ಬೇಡ. ಒಂದು ಬಟನ್ ಒತ್ತಿದರೆ ನಿನ್ನೆ ನಿಂತಲ್ಲಿಂದ ಶುರುವಾಗುವಂಥದ್ದು ಸಿಕ್ಕರೆ ಅದೇ ಉತ್ತಮ. ಕೊನೆಗೆ ನಮ್ಮ ಮನೆಗೆ ಬಂದದ್ದು ಇದೇ.

ಉಪ್ಪನನ್ನು ಕರೆದುಕೊಂಡು ರಾಣೆಬೆನ್ನೂರಿಗೆ

ಈ ಸಲ ಉಪ್ಪನನ್ನೇ ಕರೆದುಕೊಂಡು ಹೋದೆವು. ರಾಣೆಬೆನ್ನೂರಿನ ಅಂಗಡಿಯ ಹುಡುಗ ಮೊದಲು ಬಣ್ಣದ ಲೈಟು ಉರಿಯುವುದನ್ನು ತೋರಿಸಿದ. ಉಪ್ಪ ಕಣ್ಣು ಮುಚ್ಚಿಕೊಂಡರು. ಆಮೇಲೆ ಅಂಗಡಿಯ ಯಜಮಾನರು ಒಳಗಿನಿಂದ ಬೇರೊಂದು ತಂದರು: "ಇದರಾಗ ಬಟನ್ ದೊಡ್ಡವು ಅದಾವ್ರಿ, ಅಜ್ಜಾರಿಗೆ ಇದ ಛಲೋ." ಅದನ್ನು ಹಿಡಿದುಕೊಂಡು ಅಂಗಡಿಯ ಹೊರಗೆ, ರಸ್ತೆ ಬದಿಯಲ್ಲಿ ನಿಂತು ಪರೀಕ್ಷೆ ಮಾಡಿದೆವು. ಒಳಗೆ ಎಲ್ಲ ಪೆಟ್ಟಿಗೆಯೂ ಚೆನ್ನಾಗಿಯೇ ಕೇಳುತ್ತದೆ, ಹೊರಗೆ ಬಂದರೆ ನಿಜ ಗೊತ್ತಾಗುತ್ತದೆ.

ಪರೀಕ್ಷೆಗೆ ಹಾಡು ಹಾಕಬೇಡಿ, ಮಾತು ಹಾಕಿ. ಒಂದು ನಿಮಿಷದ ಪ್ರಭಾಷಣ ಕೇಳಿಸಿ, ಏನು ಹೇಳಿದರು ಎಂದು ಹಿರಿಯರನ್ನೇ ಕೇಳಿ. ಅವರೇ ಹೇಳಿದರೆ ಪೆಟ್ಟಿಗೆ ಸರಿ. ಬಟನ್ ಅವರೇ ಒತ್ತಲಿ, ಚಾರ್ಜಿನ ವೈರ್ ಅವರೇ ಸಿಕ್ಕಿಸಲಿ. ಕೈ ನಡುಗುವವರಿಗೆ ಸಣ್ಣ ತೂತಿಗೆ ವೈರ್ ಸಿಕ್ಕಿಸುವುದೇ ದೊಡ್ಡ ಕಷ್ಟ. ಎರಡೂ ಬದಿಯಿಂದ ಹೋಗುವ ಟೈಪ್ ಸಿ ಆದರೆ ಅಷ್ಟು ಸುಲಭ.

ಬ್ಯಾಡಗಿಯ ಮೆಣಸಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ನಮ್ಮ ಕರಾವಳಿಯ ಸಾರಿಗೆ ಬಣ್ಣ ಕೊಡುವುದೂ ಅದೇ. ಆದರೆ ಅದರ ಧೂಳು ಸೀಸನ್ನಿನಲ್ಲಿ ಯಾವ ಸಾಮಾನನ್ನೂ ಬಿಡುವುದಿಲ್ಲ. ಪೆಟ್ಟಿಗೆಯ ಮೇಲೆ ಐಪಿ 67 ಎಂದು ಬರೆದಿದ್ದರೆ 6 ಎಂದರೆ ಧೂಳು ಒಳಗೆ ಹೋಗುವುದಿಲ್ಲ, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ಹಾಳಾಗುವುದಿಲ್ಲ ಎಂದು ಅರ್ಥ. ಬಿಸಿಲಿನಲ್ಲಿ ಮಾತ್ರ ಬಿಟ್ಟುಬರಬೇಡಿ, ಬ್ಯಾಟರಿ ಕೆಡುತ್ತದೆ.

ರೇಡಿಯೊ ಕೇಳುವ ಅಭ್ಯಾಸವಿದ್ದವರಿಗೆ ಒಂದು ಮಾತು. ಸಣ್ಣ ಸ್ಪೀಕರ್‌ಗಳಲ್ಲಿ ಹೆಚ್ಚಾಗಿ ಎಫ್‌ಎಂ ಮಾತ್ರ ಇರುತ್ತದೆ. 1950ರಿಂದ ಇರುವ ಧಾರವಾಡ ಆಕಾಶವಾಣಿಯನ್ನು ಅದರ 765 ಕಿಲೋಹರ್ಟ್ಸ್‌ನಲ್ಲಿ ಹಿಡಿಯಬೇಕಾದರೆ ಮೀಡಿಯಂ ವೇವ್ ಇರುವ ರೇಡಿಯೊ ಬೇಕು. ಮನೆಯೊಳಗಿನ ಎಲ್‌ಇಡಿ ಬಲ್ಬು, ಚಾರ್ಜರ್‌ಗಳಿಂದ ಅದರಲ್ಲಿ ಗರಗರ ಸದ್ದು ಬರುತ್ತದೆ. ಅಂಗಳಕ್ಕೆ ತಂದು ಪೆಟ್ಟಿಗೆಯನ್ನು ಸ್ವಲ್ಪ ಆಚೀಚೆ ತಿರುಗಿಸಿದರೆ ಸ್ಪಷ್ಟವಾಗುತ್ತದೆ. ಮಂಗಳೂರಿನ ಎಫ್‌ಎಂ ಘಟ್ಟ ದಾಟಿ ಇಲ್ಲಿಗೆ ಬರುವುದಿಲ್ಲ. ಮಂಗಳೂರು ಆಕಾಶವಾಣಿ ಬೇಕೆಂದರೆ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಮೊಬೈಲಿನಲ್ಲಿ ಹಾಕಿ ಸ್ಪೀಕರಿಗೆ ಜೋಡಿಸಬೇಕು.

ಒಳಗೆ ಏನು ತುಂಬಿಸುವುದು?

ಮದ್ರಸದಲ್ಲಿ ಕಲಿಸುವ ನಮಗೆ ಇದರಲ್ಲಿ ಸಂಶಯವೇ ಇರಲಿಲ್ಲ. ಮೂವತ್ತು ಜುಝ್ ಪೂರ್ತಿ ಹಾಕಿದೆವು. ಸುಮಾರು 30 ಗಂಟೆಯ ಖಿರಾಅತ್ 64 ಕೆಬಿಪಿಎಸ್ ಎಂಪಿ3ಯಲ್ಲಿ ಒಂದು ಜಿಬಿಯೊಳಗೆ ಕೂರುತ್ತದೆ. ಹಾಗಾಗಿ ದೊಡ್ಡ ಕಾರ್ಡ್ ಬೇಕಿಲ್ಲ. ಅಗ್ಗದ ಪೆಟ್ಟಿಗೆಗಳು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಹೆಚ್ಚಾಗಿ ಓದುವುದೂ ಇಲ್ಲ.

ಉಪ್ಪ ಸುಬಹಿ ನಂತರ ಅದನ್ನು ಹಾಕಿ ಕೂತು ಕೇಳುತ್ತಿದ್ದರು. ಆದರೆ ಸಂಜೆ ಮರದ ಕೆಳಗೆ ಹೋಗುವಾಗ ಪೆಟ್ಟಿಗೆಯನ್ನು ಮನೆಯಲ್ಲೇ ಬಿಡುತ್ತಿದ್ದರು. ಯಾಕೆ ಎಂದು ಕೇಳಿದೆವು. ಅವರೆಂದರು: "ಅಲ್ಲಿ ಜನ ಬಂದು ಮಾತಾಡುತ್ತಾರೆ, ಗಾಡಿ ಸದ್ದು, ಮಕ್ಕಳ ಆಟ. ಅದರ ನಡುವೆ ಕುರ್‌ಆನ್ ಹಾಕಿ ಬಿಡುವುದು ಸರಿಯಾ ಉಸ್ತಾದೇ?" ಮಗನನ್ನೇ ಉಸ್ತಾದ್ ಎಂದು ಕರೆದರು. ನಾವು ತಲೆ ತಗ್ಗಿಸಿದೆವು. ಕುರ್‌ಆನ್ ಓದುವಾಗ ಮೌನವಾಗಿ ಕಿವಿಗೊಡಬೇಕೆಂಬ ಸೂರಃ ಅಅ್‌ರಾಫ್‌ನ 204ನೇ ಆಯತಿನ ಪಾಠವನ್ನು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇವೋ. ಆ ಅದಬನ್ನು ನಮ್ಮ ಮನೆಯಲ್ಲಿ ಪಾಲಿಸುತ್ತಿದ್ದವರು ಮದ್ರಸದ ಮೆಟ್ಟಿಲು ಹೆಚ್ಚು ಹತ್ತದ ಉಪ್ಪ.

"ಹಾಗಾದರೆ ಸಂಜೆಗೆ ಏನು ಬೇಕು?" ಎಂದು ಆಗ ಕೇಳಿದೆವು. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ. ತುಂಬ ಹೊತ್ತು ಸುಮ್ಮನಿದ್ದು, ಬಂಟ್ವಾಳ ಕಡೆಯ ಊರಿನಲ್ಲಿರುವ ಅಕ್ಕನ ಹೆಸರು ಹೇಳಿದರು. ಅವರು ಮಾಲೆಪಾಟ್ ಹೇಳುವುದನ್ನು ಕೇಳಬೇಕಂತೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ರಚಿಸಿದ ಮುಹ್ಯಿದ್ದೀನ್ ಮಾಲೆಯನ್ನು ನಮ್ಮ ಹಿಂದಿನ ತಲೆಮಾರಿನ ಹೆಂಗಸರು ಬಾಯಿಪಾಠ ಹೇಳುತ್ತಿದ್ದರು. ಈ ಅತ್ತೆಗೆ ಈಗಲೂ ಅದು ಬಾಯಲ್ಲೇ ಇದೆ.

ಊರಿನ ಹುಡುಗರಿಗೆ ಹೇಳಿ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ತರಿಸಿದೆವು. ಕಾರ್ಡಿಗೆ ಹಾಕಿದರೆ ಪೆಟ್ಟಿಗೆ ನುಡಿಯಲಿಲ್ಲ. ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜ್ ಓಪಸ್ ಎಂಬ ರೂಪದಲ್ಲಿರುತ್ತದೆ, ಈ ಪೆಟ್ಟಿಗೆಗಳಿಗೆ ಗೊತ್ತಿರುವುದು ಎಂಪಿ3. ಮೊಬೈಲಿನಲ್ಲೇ ಅದನ್ನು ಎಂಪಿ3 ಮಾಡುವ ಆ್ಯಪ್‌ಗಳಿವೆ, ಮನೆಯ ಮಕ್ಕಳಿಗೆ ಹೇಳಿದರೆ ಐದು ನಿಮಿಷದ ಕೆಲಸ. ಈಗ ಎರಡು ಕಾರ್ಡ್ ಇವೆ. ಬೆಳಗ್ಗೆಗೆ ಬಿಳಿ, ಕುರ್‌ಆನ್. ಸಂಜೆಗೆ ಕಪ್ಪು, ಅತ್ತೆಯ ಮಾಲೆ, ಊರಿನ ಸುದ್ದಿ, ಮೊಮ್ಮಕ್ಕಳ ಮಾತು.

ನೆರೆಯವರ ಹಕ್ಕನ್ನೂ ನೆನಪಿಡೋಣ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು 2000ದ ಶಬ್ದ ಮಾಲಿನ್ಯ ನಿಯಮ ಮಿತಿ ಹಾಕಿದೆ. ಪರೀಕ್ಷೆಗೆ ಓದುವ ಮಗು, ರಾತ್ರಿ ಪಾಳಿ ಮುಗಿಸಿ ಮಲಗಿದ ಹಮಾಲಿ ಪಕ್ಕದಲ್ಲಿರಬಹುದು. ಬಾಂಗ್ ಕೇಳಿದ ಕೂಡಲೇ ಪೆಟ್ಟಿಗೆ ನಿಲ್ಲಿಸುವುದನ್ನು ಉಪ್ಪನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಅಸರ್ ಮುಗಿದರೆ ಉಪ್ಪ ಬೇವಿನ ಮರದ ಕೆಳಗೆ ಇರುತ್ತಾರೆ. ತೊಟ್ಟು ಬಿಡಿಸುವ ಕೆಲಸ ಮುಗಿಸಿ ಮನೆಗೆ ಹೋಗುವ ಹೆಂಗಸರು ಅಲ್ಲಿ ನಿಂತು "ಯಾರ್ರೀ ಅಜ್ಜಾ ಹಾಡೋರು?" ಎಂದು ಕೇಳುತ್ತಾರೆ. "ನನ್ನ ಅಕ್ಕ" ಎನ್ನುತ್ತಾರೆ ಉಪ್ಪ. ಅಷ್ಟು ಕನ್ನಡ ಅವರಿಗೆ ಬಂದಿದೆ. ಕಳೆದ ವಾರ ಅತ್ತೆಗೆ ಇವರೂ ಒಂದು ಧ್ವನಿ ಕಳಿಸಿದರು. ಅವರ ಮನೆಯ ಪೆಟ್ಟಿಗೆಗೆ ಬೇಕಾದ ಕಾರ್ಡನ್ನು ಈ ಶುಕ್ರವಾರ ಊರಿಗೆ ಹೋಗುವವರ ಕೈಯಲ್ಲಿ ಕೊಡಬೇಕಾಗಿದೆ, ಇನ್‌ಶಾ ಅಲ್ಲಾಹ್.